ಎಡತೋಳಿನ ಗುರುತು

ನಾನು ಬಸ್ ಕಂಡಕ್ಟರ್. ಇಂಡಿಯಿಂದ ಸಿಂದಗಿಗೆ, ಸಿಂದಗಿಯಿಂದ ತಿರುಗಿ ಇಂಡಿಗೆ. ಬಾಗಿಲಲ್ಲೇ ನಿಂತವರನ್ನು ಒಳಗೆ ತಳ್ಳುವುದು, ಇಳಿಯುವವರನ್ನು ಅವಸರಪಡಿಸುವುದು, ಚಿಲ್ಲರೆ ಇಲ್ಲ ಎನ್ನುವವರ ಜೊತೆ ಜಗಳ ಆಡುವುದು ಇದೇ ಕೆಲಸವಾದ್ದರಿಂದ ನನ್ನ ಬಾಯಿ ಜೋರು. ನಾನು ಹೆದರುವ ಹೆಂಗಸು ಎಂದು ಯಾರೂ ಅಂದುಕೊಂಡಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ. ಆದರೆ ಮಗಳು ಹುಟ್ಟಿದ ಮೇಲಿನ ತಿಂಗಳುಗಳನ್ನು ನಾನು ಹೆದರಿಕೊಂಡೇ ಕಳೆದೆ. ಕೂಸು ಸ್ವಲ್ಪ ಹೆಚ್ಚು ಹೊತ್ತು ಮಲಗಿದರೆ ಹೆದರಿಕೆ, ಎದ್ದು ಅತ್ತರೆ ಹೆದರಿಕೆ, ಅಳದೆ ಸುಮ್ಮನೆ ನನ್ನ ಮುಖ ನೋಡಿದರೂ ಹೆದರಿಕೆ. ನನ್ನ ಹಾಗೆ ಸೂಜಿಯ ಆಸರೆಯಲ್ಲಿ ಬದುಕುತ್ತ ಮಡಿಲಲ್ಲಿ ಕೂಸು ಇಟ್ಟುಕೊಂಡ ತಾಯಂದಿರು ಎಲ್ಲೋ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಹೆಬ್ಬೆರಳಿನಿಂದ. ಬೆಳಗಿನ ಹೊತ್ತು ಟಿಕೆಟ್ ಮಷೀನಿನ ಗುಂಡಿ ಒತ್ತಲು ಅದು ಒಪ್ಪುತ್ತಿರಲಿಲ್ಲ. ಮೊದಲ ಬಸ್ಸಿನ ಜನ, “ಯಾಕವ್ವಾ, ಇನ್ನೂ ನಿದ್ದಿ ಹರದಿಲ್ಲೇನು?” ಎಂದು ನಗುತ್ತಿದ್ದರು. ಮನೆಯಲ್ಲಿ ರೊಟ್ಟಿ ಬಡಿಯಲು ಕೂತರೆ ಅಂಗೈ ಹಿಟ್ಟಿನ ಮೇಲೆ ಚಪ್ಪಟೆಯಾಗಿ ಬೀಳುತ್ತಿರಲಿಲ್ಲ. ನಮ್ಮ ಮನೆಯವರು ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರಿ, ಮಾತು ಕಡಿಮೆ. ಒಂದು ದಿನ ರೊಟ್ಟಿ ಮುರಿಯುತ್ತ, “ಇದು ರೊಟ್ಟಿನೋ, ಹಂಚಿನ ತುಂಡೋ?” ಎಂದರು. ತಮಾಷೆಗೆ ಅಂದದ್ದು. ನಾನು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಆಮೇಲೆ ಅವರೇ ವಿಚಾರಿಸಿ, ತಿಂಗಳಿಗೊಮ್ಮೆ ಸಿಂದಗಿಗೆ ಬರುವ ಕೀಲಿನ ಡಾಕ್ಟರ ಹತ್ತಿರ ನನ್ನನ್ನು ಕರೆದುಕೊಂಡು ಹೋದರು.

ಆ ಡಾಕ್ಟರು ಕೂರುವುದು ಔಷಧಿ ಅಂಗಡಿಯ ಮಾಳಿಗೆಯ ಮೇಲೆ. ಕೀಲು ಹಿಡಿದವರೆಲ್ಲ ಮೆಟ್ಟಿಲು ಹತ್ತಿಯೇ ಅವರನ್ನು ಕಾಣಬೇಕು. ಹತ್ತಿದ ಮೇಲೆ ಇನ್ನೊಂದು ಪರೀಕ್ಷೆ: ಬಾಗಿಲಿಗೆ ಗುಂಡನೆಯ ಹಿಡಿಕೆ, ಬಿಗಿಯಾಗಿ ತಿರುಗಿಸಿದರೆ ಮಾತ್ರ ತೆರೆಯುವಂಥದ್ದು. ಅಲ್ಲಿ ಕೂತವರಲ್ಲಿ ಒಬ್ಬರಿಗೂ ಅದನ್ನು ತಿರುಗಿಸುವ ಶಕ್ತಿ ಇಲ್ಲ. ಜೊತೆಗೆ ಬಂದ ಗಂಡಂದಿರು, ಮಕ್ಕಳು ಎದ್ದು ತೆರೆಯಬೇಕು. ಒಬ್ಬಳೇ ಬಂದಿದ್ದ ಒಬ್ಬ ಮುದುಕಿ ಮೊಣಕೈಯಿಂದ ಬಾಗಿಲು ಗುದ್ದಿ, “ನಿನ್ನ ಬಾಗಲಾನ ಮೊದಲ ಆರಾಮ ಮಾಡಪಾ, ಆಮ್ಯಾಲ ನಮ್ಮನ್ನ ನೋಡು” ಎಂದಳು. ಎಲ್ಲರೂ ನಕ್ಕರು. ಊದಿದ ಬೆರಳಿನವರು ಇಷ್ಟು ಜನ ಇದ್ದಾರೆ ಎಂಬುದೇ ನನಗೆ ಅಂದು ದೊಡ್ಡ ಸಮಾಧಾನವಾಗಿತ್ತು.

ಕೀಲುವಾತ ಎಂದರು ಡಾಕ್ಟರು. ಒಂದಷ್ಟು ಕಾಲ ಮಾತ್ರೆ ನುಂಗಿದೆ. ಎರಡು ಬಸಿರು ನಿಂತವು, ಎರಡೂ ಉಳಿಯಲಿಲ್ಲ. ಒಂದು ಮೂರನೇ ತಿಂಗಳಲ್ಲಿ ಹೋಯಿತು. ಇನ್ನೊಂದು ದಿನ ತುಂಬುವ ಮುಂಚೆ ಹುಟ್ಟಿ ಅಳಲೇ ಇಲ್ಲ. ಅದರ ಬಗ್ಗೆ ನಾನು ಇಷ್ಟೇ ಬರೆಯಬಲ್ಲೆ. ಮಗು ಬೇಕೆಂದರೆ ಆ ಮಾತ್ರೆ ಬಿಟ್ಟು ಇಂಜೆಕ್ಷನ್ನಿಗೆ ಬದಲಾಗೋಣ ಎಂದು ಡಾಕ್ಟರು ಹೇಳಿದರು. ಪೆನ್ನಿನ ಆಕಾರದ ಸೂಜಿ, ತೊಡೆಗೆ ನಾನೇ ಚುಚ್ಚಿಕೊಳ್ಳಬೇಕು, ಎರಡು ವಾರಕ್ಕೊಮ್ಮೆ.

“ಇಷ್ಟು ದಿನ ಅದು ಮೈಯಾಗ ಏನ್ ಮಾಡ್ತೈತ್ರಿ? ಮೂತ್ರದಾಗ ಹೋಗಂಗಿಲ್ಲೇನು?” ಎಂದು ಕೇಳಿದೆ.

“ಗುಳಿಗಿ ಇದ್ದಂಗಲ್ಲ ಇದು,” ಎಂದರು ಡಾಕ್ಟರು. “ಇದು ಪ್ರೋಟೀನು, ಗಾತ್ರ ದೊಡ್ಡದು. ಮೂತ್ರಪಿಂಡದ ಜರಡ್ಯಾಗ ತೂರೂದಿಲ್ಲ. ಚರ್ಮದ ಕೆಳಗಿಂದ ಮೆಲ್ಲಕ ನೆತ್ತರಿಗೆ ಸೇರಿ ಕೀಲಿನ ತನಕ ಹೋಗ್ತೈತಿ. ಅಲ್ಲಿ ಬಾವು ಎಬ್ಬಸೋ ಪದಾರ್ಥಕ್ಕ ಅಂಟಿಕೊಂಡು ಅದರ ಕೈ ಕಟ್ತೈತಿ. ಆಮ್ಯಾಲ ಮೈಯೇ ಇದನ್ನ ತುಂಡು ಮಾಡಿ ಕರಗಸ್ತೈತಿ. ಎರಡು ವಾರಕ್ಕ ಹೆಚ್ಚುಕಡಿಮಿ ಅರ್ಧ ಉಳದಿರ್ತೈತಿ.”

“ಅಂದ್ರ ಸ್ಟಾಪಿಗೊಮ್ಮೆ ಅರ್ಧ ಮಂದಿ ಇಳಿಯೋ ಬಸ್ಸು ಅನ್ರಿ.”

ಡಾಕ್ಟರು ನಕ್ಕರು. ನನ್ನ ಪಾಲಿಗೆ ಲೆಕ್ಕ ಸರಿಯಾಗಿ ಕೂತಿತು. ಅಂಥ ಬಸ್ಸು ಖಾಲಿಯಾಗಲು ಬಹಳ ದೂರ ಹೋಗಬೇಕು. ಅವರು ಇನ್ನೊಂದು ಮಾತೂ ಹೇಳಿದರು. ಕ್ಷಯದ ಕ್ರಿಮಿ ಮೈಯೊಳಗೆ ಬಂದರೆ ಅದರ ಸುತ್ತ ಗೋಡೆ ಕಟ್ಟಿ ಕೂರಿಸುವುದೂ ಅದೇ ಬಾವು ಎಬ್ಬಿಸುವ ಪದಾರ್ಥವಂತೆ. ಅದರ ಕೈ ಕಟ್ಟಿದಾಗ ಗೋಡೆ ಸಡಿಲಾಗುತ್ತದೆ. ಅದಕ್ಕೇ ಮೊದಲು ಎದೆಯ ಎಕ್ಸ್‌ರೇ ತೆಗೆಸಿ, ನನ್ನಲ್ಲಿ ಕ್ಷಯ ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ಪೆನ್ನು ಕೊಟ್ಟರು. ಮೂರನೇ ಪೆನ್ನಿನ ಹೊತ್ತಿಗೆ ನಾನು ಬೆಳಿಗ್ಗೆ ಎದ್ದು ಕೂದಲು ಹೆಣೆದುಕೊಂಡೆ. ಎಷ್ಟೋ ತಿಂಗಳ ಮೇಲೆ ನನ್ನ ಜಡೆ ನಾನೇ ಹಾಕಿಕೊಂಡದ್ದು.

ಮೂರನೇ ಬಸಿರು ನಿಂತಿತು. ಬಸುರಿಯಾದಾಗ ಈ ಬೇನೆ ತಾನೇ ಸುಮ್ಮನಾಗುವುದುಂಟಂತೆ, ನನ್ನದು ಆಗಲಿಲ್ಲ. ಏಳನೇ ತಿಂಗಳಲ್ಲಿ ಇಂಜೆಕ್ಷನ್ ನಿಲ್ಲಿಸಿ ನೋಡಿದರು. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗಲೂ ನಮ್ಮ ಮನೆಯವರು ಎತ್ತಿ ಹಿಡಿಯಬೇಕಾಯಿತು. ಮತ್ತೆ ಶುರು ಮಾಡಿದರು. ಆಗ ಡಾಕ್ಟರು ಕುರ್ಚಿ ಮುಂದೆ ಎಳೆದುಕೊಂಡು ಕೂತು ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ.

“ಕಡೀ ತಿಂಗಳುಗಳಾಗ ತಾಯಿ ತನ್ನ ಮೈಯ ಕಾವಲನ್ನ ಕೂಸಿಗೆ ದಾಟಸ್ತಾಳ. ಈ ಔಷಧಿ ಆ ಕಾವಲಿನ ವೇಷದಾಗ ಐತಿ, ಅದಕ್ಕ ಇದೂ ದಾಟ್ತೈತಿ. ಹುಟ್ಟಿದಾಗ ನಿಮ್ಮ ನೆತ್ತರಿಗಿಂತ ಕೂಸಿನ ನೆತ್ತರಾಗನ ಹೆಚ್ಚು ಇರಬಹುದು. ಸಣ್ಣ ಮೈ, ನಿಮ್ಮಷ್ಟು ಬೇಗ ಕರಗಸೂದಿಲ್ಲ. ಕೂಸಿಗೆ ಇದರಿಂದ ತೊಂದ್ರಿ ಇಲ್ಲ. ಆದ್ರ ಆರು ತಿಂಗಳ ತನಕ ಜೀವ ಇರೋ ಲಸಿಕಿ ಹಾಕಸಬ್ಯಾಡ್ರಿ. ಬಾಯಿಗೆ ಹಾಕೋ ಹನಿ ಬ್ಯಾಡ. ಮುಖ್ಯ, ಎಡತೋಳಿಗೆ ಹಾಕೋ ಕ್ಷಯದ ಲಸಿಕಿ ಬ್ಯಾಡss ಬ್ಯಾಡ. ಅದರಾಗ ಇರೋದು ಬಲ ಕಳಕೊಂಡ ಜೀವಂತ ಕ್ರಿಮಿ. ಬ್ಯಾರೆ ಕೂಸಿನ ಮೈ ಅದನ್ನ ಅಲ್ಲೇ ತೋಳಿನ್ಯಾಗ ಕಟ್ಟಿ ಹಾಕ್ತೈತಿ. ನಿಮ್ಮ ಕೂಸಿನ ಕೈ ಕಟ್ಟಿರ್ತಾವ.”

“ಹಾಕಿದ್ರ ಏನಾಗ್ತೈತ್ರಿ?”

“ಮೈತುಂಬ ಹಬ್ಬಬಹುದು,” ಎಂದರು. ಅಷ್ಟು ಹೇಳಿ ಕನ್ನಡಕ ಒರೆಸಿಕೊಂಡರು. ಮುಂದಿನದನ್ನು ನಾನು ಕೇಳಲಿಲ್ಲ.

ನನ್ನ ತವರು ಹೂವಿನ ಹಿಪ್ಪರಗಿ. ಹೆರಿಗೆ ಬಸವನ ಬಾಗೇವಾಡಿಯ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣು. ದಿನಕ್ಕಿಂತ ಸ್ವಲ್ಪ ಮುಂಚೆ ಬಂದು, ತೂಕ ಕಡಿಮೆ ಇದ್ದರೂ ಹುಟ್ಟಿದ ಕೂಡಲೇ ಇಡೀ ವಾರ್ಡು ತಿರುಗಿ ನೋಡುವಂತೆ ಕಿರುಚಿತು. “ನಿನ್ನ ಬಾಯೇ ಬಂದೈತಿ” ಎಂದು ಅವ್ವ ಕಣ್ಣೊರೆಸಿಕೊಂಡಳು. ಡಾಕ್ಟರು ಬರೆದು ಕೊಟ್ಟದ್ದನ್ನು ತೋರಿಸಿದೆ. ಅಲ್ಲಿಯವರು ಓದಿ, ಆ ಎರಡು ಲಸಿಕೆ ಬಿಟ್ಟು ಕಳಿಸಿದರು. ಇಲ್ಲಿಯವರೆಗೆ ಎಲ್ಲ ಸರಿಯಾಗೇ ಇತ್ತು.

ತವರಿನಲ್ಲಿ ಬಾಣಂತಿ ಕೋಣೆ. ಹೊರಸಿನ ಕೆಳಗೆ ಕೆಂಡ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಕಿಟಕಿಗೆ ಅವ್ವನ ಹಳೆಯ ಸೀರೆ. ನಾನು ಹೊಸ್ತಿಲು ದಾಟುವಂತಿಲ್ಲ. ನನ್ನ ಪೆನ್ನುಗಳನ್ನು ಅವ್ವ ಫ್ರಿಜ್ಜಿನಲ್ಲಿ ಮಜ್ಜಿಗೆ ಗಡಿಗೆಯ ಹಿಂದೆ ಬಚ್ಚಿಟ್ಟಿದ್ದಳು. ಓಣಿಯ ಹೆಂಗಸರು ಕೂಸು ನೋಡಲು ಬರುತ್ತಿದ್ದರು, ಅವರ ಕಣ್ಣಿಗೆ ಬೀಳಬಾರದು. “ಹಡದಾಕಿಗೆ ಜಡ್ಡ ಐತಿ ಅಂತ ಓಣಿಗೆಲ್ಲ ಡಂಗುರ ಬ್ಯಾಡ. ನಾಳೆ ಆ ಕೂಸಿಗೂ ಅದ ಹೆಸರು ಹಚ್ತಾರ” ಎನ್ನುತ್ತಿದ್ದಳು. ನನಗೂ ಅದು ಸರಿ ಎನಿಸಿತ್ತು. ಲಸಿಕೆ ಯಾಕೆ ಬೇಡ ಎಂಬುದು ನನಗೆ, ಅವ್ವನಿಗೆ, ನಮ್ಮ ಮನೆಯವರಿಗೆ ಬಿಟ್ಟು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡು ಕೂಸು ಕಳೆದುಕೊಂಡವಳ ಮೂರನೆಯದು ಉಳಿಯಬೇಕೆಂದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಅಂಚಿನಲ್ಲಿ ಇಡುವುದು. ಹೆತ್ತ ಮಕ್ಕಳೆಲ್ಲ ಗಟ್ಟಿಯಾಗಿರುವ ಹೆಂಗಸೊಬ್ಬಳು ಬಂದು, ತನಗೊಂದು ಕೂಸು ಸಿಕ್ಕಿತು ಎಂದು ಎತ್ತಿಕೊಂಡು ಮನೆಗೆ ಹೋಗುವುದು. ಅವತ್ತು ಇಡೀ ಹಗಲು ಅದು ಅವಳ ಕೂಸು. ಸಂಜೆ ಹೆತ್ತವರು ಒಂದು ಸೇರು ಜೋಳ ಕೊಟ್ಟು ಕೊಂಡು ತರಬೇಕು. ಕೊಂಡ ಕೂಸಿನ ತಂಟೆಗೆ ಸಾವು ಬರುವುದಿಲ್ಲ ಎಂದು ನಂಬಿಕೆ. ನನಗೆ ನಂಬಿಕೆ ಇತ್ತೋ ಇಲ್ಲವೋ, ಬೇಡ ಎನ್ನುವ ಧೈರ್ಯ ಇರಲಿಲ್ಲ. ಹೆಸರಿಡುವ ಮುಂಚೆ ಇದು ಮುಗಿಯಬೇಕು. ಕೂಸು ಸ್ವಲ್ಪ ಮೈ ತುಂಬಿಕೊಳ್ಳಲಿ ಎಂದು ಕಾದು, ಅವ್ವ ಒಂದು ಗುರುವಾರ ಗೊತ್ತು ಮಾಡಿದಳು.

ಎತ್ತಿಕೊಂಡವಳು ಹಿಂದಿನ ಮನೆಯ ಬಸಲಿಂಗಕ್ಕ. ನಾಲ್ಕು ಮಕ್ಕಳ ತಾಯಿ. ಕೊನೆಯದು ನನ್ನ ಕೂಸಿಗಿಂತ ತುಸು ದೊಡ್ಡದು, ಇನ್ನೂ ಮೊಲೆಹಾಲು ಕುಡಿಯುತ್ತಿತ್ತು. ಗಟ್ಟಿ ಹೆಂಗಸು, ನಗು ದೊಡ್ಡದು. ತಿಪ್ಪೆಯ ಕಡೆಯಿಂದ ಅವಳ ದನಿ ನನ್ನ ಕೋಣೆಗೂ ಕೇಳಿಸಿತು. “ಯಾರ ಬಿಟ್ಟು ಹೋಗ್ಯಾರವ್ವಾ ಇಂಥಾ ಬಂಗಾರಾನ? ನಾ ಒಯ್ತೀನಿ, ಇದು ನಂದು!” ಕತ್ತಲೆ ಕೋಣೆಯಲ್ಲಿ ಕೂತು ನಾನೂ ನಕ್ಕೆ. ಎದೆ ಮಾತ್ರ ಖಾಲಿ ಖಾಲಿ ಅನ್ನಿಸುತ್ತಿತ್ತು.

ಸಂಜೆ ಅವ್ವ ಸೇರು ಜೋಳ ಅಳೆದು ಇಟ್ಟುಕೊಂಡಿದ್ದಳು. ಬಸಲಿಂಗಕ್ಕ ಕೂಸನ್ನು ಹೊತ್ತು ನೇರ ನನ್ನ ಕೋಣೆಯ ಬಾಗಿಲಿಗೇ ಬಂದಳು.

“ಭಾಳ ಗಟ್ಟಿ ಐತಿ ನಿನ್ನ ಮಗಳು. ಸೂಜಿ ಚುಚ್ಚಿದಾಗ ಒಮ್ಮೆ ಕಿರ್ ಅಂತು, ಅಷ್ಟ. ನನ್ನದ ಓಣಿ ಹಾರಿಹೋಗೂಹಂಗ ಅತ್ತಿತು.”

“ಯಾವ ಸೂಜಿ?”

“ಇವತ್ತ ಗುರುವಾರ ಅಲ್ಲನು, ಅಂಗನವಾಡಿಗೆ ಸಿಸ್ಟರ್ ಬಂದಿದ್ರು. ನನ್ನ ಕೂಸಿಗೆ ಹಾಕಸಾಕ ಹೋಗಿದ್ದೆ. ಇದರ ತೋಳ ನೋಡಿದೆ, ಗುರುತs ಇಲ್ಲ! ಹುಟ್ಟಿದಾಗಿಂದು ಬಿಟ್ಟಾರ, ಇದಕ್ಕೂ ಹಾಕ್ರಿ ಅಂದೆ. ಹಾಕಿದ್ರು.”

ನಾನು ಕೂಸಿನ ಅಂಗಿ ಸರಿಸಿದೆ. ಎಡತೋಳಿನ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ಆ ಚುಕ್ಕೆ ನೋಡಿದಾಗ ನನ್ನ ಮೈಯಿಂದ ಎಲ್ಲ ಇಳಿದು ಹೋದಂತಾಯಿತು. ಆಮೇಲೆ ಬಾಯಿ ಬಂತು. ಏನೇನು ಅಂದೆ ಎಂದು ಬರೆಯಲಾರೆ. ಬಸ್ಸಿನಲ್ಲಿ ಕುಡಿದು ಹತ್ತಿದವರಿಗೂ ನಾನು ಅಂಥ ಮಾತು ಆಡಿಲ್ಲ. ಕೂಸನ್ನು ಕಿತ್ತುಕೊಂಡ ರಭಸಕ್ಕೆ ಅವ್ವನ ಕೈಯಲ್ಲಿದ್ದ ಜೋಳ ನೆಲಕ್ಕೆ ಚೆಲ್ಲಿತು. ಬಸಲಿಂಗಕ್ಕ ಹಿಂದೆ ಸರಿದು ಗೋಡೆಗೆ ಆನಿಕೊಂಡಳು.

“ನಿಂದs ಅಂತ ಕೊಟ್ರಿ. ನನ್ನ ಕೂಸಿಗೆ ಮಾಡಿದ್ದ ಇದಕ್ಕೂ ಮಾಡಿಸಿದೆ. ನಾ ಏನ್ ತಪ್ಪ ಮಾಡೀನಿ, ಹೇಳ್ರಿ?”

ಆಕೆ ಹೋದಳು. ಅವ್ವ ನೆಲದ ಮೇಲಿನ ಜೋಳ ಒಟ್ಟುಮಾಡುತ್ತ ಅಳತೊಡಗಿದಳು. “ಕೊಂಡಿದ್ದಾಗಲಿಲ್ಲಲ್ಲೇ. ಕಸಗೊಂಡಂಗ ಆತು. ಈಗ ಇದು ಯಾರ ಕೂಸು?” ನನಗೆ ಕೂಸಿನ ನೆತ್ತರಿನಲ್ಲಿರುವ ಔಷಧಿಯ ಚಿಂತೆ, ಅವ್ವನಿಗೆ ಚೆಲ್ಲಿದ ಜೋಳದ ಚಿಂತೆ. ಹೆಸರಿಡುವುದು ನಿಂತುಹೋಯಿತು. ತಿಪ್ಪೆಯಿಂದ ಎತ್ತಿದ್ದಕ್ಕೆ ಎಲ್ಲರೂ ಕರೆಯುವ ತಿಪ್ಪವ್ವ ಎಂಬ ಹೆಸರೇ ಸದ್ಯಕ್ಕೆ ಉಳಿಯಿತು.

ಅಂದೇ ಫೋನಿನಲ್ಲಿ ಸಿಂದಗಿಯ ಡಾಕ್ಟರನ್ನು ಹಿಡಿದೆ. ಅವರು ಶಾಂತವಾಗಿ ಹೇಳಿದರು: ಹಾಕಿದ್ದನ್ನು ತೆಗೆಯಲು ಬರುವುದಿಲ್ಲ. ಕೂಸಿನ ಮೈಯಲ್ಲಿ ಔಷಧಿ ಇನ್ನೂ ಎಷ್ಟಿದೆ ಎಂದು ಅಳೆಯುವ ಅನುಕೂಲ ಹತ್ತಿರದಲ್ಲಿಲ್ಲ, ಅಳೆದರೂ ಮಾಡಬೇಕಾದ್ದು ಒಂದೇ, ಕಣ್ಣಿಟ್ಟು ಕಾಯುವುದು. “ಔಷಧಿ ಇಳಿಯಾಕತ್ತೈತಿ. ಕ್ರಿಮಿಗೂ ಬಲ ಕಡಿಮಿ, ಬೆಳೆಯೂದು ಮೆಲ್ಲಕ. ಯಾವುದು ಮೊದಲು ಅನ್ನೂದs ಪ್ರಶ್ನೆ. ಜ್ವರ ಬಂದ್ರ, ಹಾಲು ಬಿಟ್ರ, ತೂಕ ನಿಂತ್ರ, ಬಗಲಾಗ ಗಂಟು ಕಂಡ್ರ, ಆ ದಿನಾನ ಮಕ್ಕಳ ಡಾಕ್ಟರ ಕಡೆ ಹೋಗ್ರಿ.” ಮುದ್ದೇಬಿಹಾಳದಲ್ಲಿ ತಮಗೆ ಪರಿಚಯದ ಮಕ್ಕಳ ಡಾಕ್ಟರೊಬ್ಬರಿಗೆ ತಾವೇ ಎಲ್ಲವನ್ನೂ ತಿಳಿಸಿಟ್ಟರು.

ಅಲ್ಲಿಂದ ಮುಂದೆ ನನ್ನ ಕೈ ಕೂಸಿನ ಬಗಲು ಬಿಡಲಿಲ್ಲ. ಹಾಲು ಕುಡಿಸುವಾಗ, ಎಣ್ಣೆ ಹಚ್ಚುವಾಗ, ಮಲಗಿದ್ದಾಗ, ಬೆರಳು ಅಲ್ಲಿಗೇ ಹೋಗುತ್ತಿತ್ತು. ಆ ಬೆರಳಿಗಾದರೂ ಏನು ಗೊತ್ತಾಗಬೇಕು, ಅದೇ ಊದಿತ್ತು. ಯಾಕೆಂದರೆ ಹೆದರಿಕೆಯಲ್ಲಿ ನಾನು ಇನ್ನೊಂದು ಹುಚ್ಚು ಕೆಲಸ ಮಾಡಿದ್ದೆ. ನನ್ನ ಪೆನ್ನು ನಿಲ್ಲಿಸಿದ್ದೆ. ಹಾಲಿನಲ್ಲಿ ಮತ್ತಷ್ಟು ಔಷಧಿ ಕೂಸಿಗೆ ಹೋಗಿ, ಖಾಲಿಯಾಗುತ್ತಿರುವ ಬಸ್ಸಿಗೆ ಮತ್ತೆ ಜನ ಹತ್ತಿದಂತಾದರೆ? ಯಾರನ್ನೂ ಕೇಳಲಿಲ್ಲ. ಕೇಳಿದರೆ ಇನ್ನೇನು ಕೆಟ್ಟದ್ದು ಕೇಳಬೇಕಾಗುವುದೋ ಎಂಬ ಭಯ.

ಕೆಲವು ವಾರಕ್ಕೆ ತೋಳಿನ ಚುಕ್ಕೆ ಗುಳ್ಳೆಯಾಯಿತು, ಗುಳ್ಳೆಯಲ್ಲಿ ಕೀವು ಕಂಡಿತು. ಎಲ್ಲ ಕೂಸುಗಳಿಗೂ ಹಾಗೇ ಆಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದರೆ ಏನು? ನನ್ನ ಕಣ್ಣಿಗೆ ಅದು ದಿನಾ ದೊಡ್ಡದಾಗುತ್ತಲೇ ಇತ್ತು. ಬಸಲಿಂಗಕ್ಕ ಒಳಗೆ ಬರುತ್ತಿರಲಿಲ್ಲ. ಬೆಳಿಗ್ಗೆ ನೀರು ತರುವಾಗ ನಮ್ಮ ಹಿತ್ತಿಲ ಬಾಗಿಲ ಹತ್ತಿರ ಕೊಡ ಇಳಿಸಿ, “ಕೂಸು ಹಾಲು ಕುಡೀತೇನ್ರಿ ಯಕ್ಕಾ?” ಎಂದು ಅವ್ವನನ್ನು ಕೇಳಿ ಹೋಗುತ್ತಿದ್ದಳು. ಒಂದು ದಿನ ಅವ್ವ ತಡೆಯಲಾರದೆ ಅವಳಿಗೆ ಎಲ್ಲ ಹೇಳಿಬಿಟ್ಟಳು. ನನ್ನ ಜಡ್ಡು, ಫ್ರಿಜ್ಜಿನ ಪೆನ್ನು, ಕೂಸಿನ ನೆತ್ತರು, ಎಲ್ಲ. ನಾನು ಒಳಗಿಂದ ಕೇಳುತ್ತಿದ್ದೆ. ಬಸಲಿಂಗಕ್ಕ, “ಮೊದಲs ಒಂದು ಮಾತು ಹೇಳಿದ್ರ ನಾ ಆ ಸೂಜಿ ಮುಂದ ನನ್ನ ತೋಳ ಒಡ್ತಿದ್ದೆನಲ್ಲರೀ” ಎಂದಳು. ಕೊಡ ಎತ್ತಿಕೊಂಡು ಹೋದ ಸದ್ದಾಯಿತು.

ಅದಾದ ಕೆಲವೇ ದಿನಕ್ಕೆ ಒಂದು ಬೆಳಿಗ್ಗೆ ಕೂಸಿನ ಮೈ ಸುಡುತ್ತಿತ್ತು. ಹಾಲಿಗೆ ಬಾಯಿ ಹಾಕಲಿಲ್ಲ. ಬಗಲಿಗೆ ಬೆರಳಿಟ್ಟೆ. ಗಂಟು ಇತ್ತು. ಹಸಿ ಶೇಂಗಾ ಕಾಳಿನಷ್ಟು, ಒತ್ತಿದರೆ ಜಾರುವ ಗಂಟು.

ಅವ್ವ ನೋಡಿ ಅಲ್ಲೇ ಕುಸಿದು ಕೂತಳು, ಅವಳಿಂದ ಏಳಲಾಗಲಿಲ್ಲ. ನಮ್ಮ ಮನೆಯವರು ಇಂಡಿಯಿಂದ ಬರಲು ಅರ್ಧ ದಿನ ಬೇಕು. ನಾನು ಕೂಸನ್ನು ಎತ್ತಿಕೊಂಡು ಹೊರಟೆ, ಹಿತ್ತಿಲ ಬಾಗಿಲು ದಾಟುವಷ್ಟರಲ್ಲಿ ಮಣಿಕಟ್ಟು ಸೋತಿತು. ಹೆತ್ತ ಕೂಸು ನನ್ನ ಕೈಯಿಂದ ಜಾರುತ್ತಿದೆ, ಹಿಡಿಯಲು ಬೆರಳಿಲ್ಲ. ಹಾಗೆ ನಿಂತವಳ ಕೈಯಿಂದ ಯಾರೋ ಕೂಸನ್ನು ಎತ್ತಿಕೊಂಡರು. ಬಸಲಿಂಗಕ್ಕ. ತನ್ನ ಕೂಸನ್ನು ದೊಡ್ಡ ಮಗಳ ಕೈಗೆ ಕೊಟ್ಟು ಬಂದಿದ್ದಳು.

“ನಡಿ,” ಎಂದಳು. “ಬೈಯೂದಿದ್ರ ಬಸ್ಸಿನ್ಯಾಗ ಬೈಯಿ.”

ಮುದ್ದೇಬಿಹಾಳದ ಬಸ್ಸು. ಕಂಡಕ್ಟರ್ ಟಿಕೆಟ್ ಕೊಡಲು ಬಂದ. ನಾನು ತೆಗೆದುಕೊಂಡ ರೀತಿ ನೋಡಿ, “ನೀವೂ ನಮ್ಮ ಕೆಲಸದವರs ಅಲ್ರಿ?” ಎಂದ. ಹೌದು ಎಂದೆ, ಇಂಡಿ ಎಂದೆ, ಅಷ್ಟಕ್ಕೇ ಅಳು ಬಂತು. ಅವನು ಇನ್ನೇನೂ ಕೇಳಲಿಲ್ಲ. ಡ್ರೈವರನ ಹತ್ತಿರ ಹೋಗಿ ಏನೋ ಹೇಳಿದ. ಆ ಬಸ್ಸು ನಿಲ್ದಾಣಕ್ಕೆ ಹೋಗುವ ಮುಂಚೆ, ನಿಲ್ಲಬಾರದ ಜಾಗದಲ್ಲಿ, ಮಕ್ಕಳ ದವಾಖಾನೆಯ ಬಾಗಿಲಲ್ಲೇ ನಿಂತಿತು. ಒಳಗಿನ ಜನ ಯಾಕೆ ಎಂದು ಒಬ್ಬರೂ ಗದ್ದಲ ಮಾಡಲಿಲ್ಲ. ನಾನು ಎಷ್ಟೋ ಸಲ ಇಂಥವರಿಗೆ ಬಸ್ಸು ನಿಲ್ಲಿಸದೆ ಹೋಗಿದ್ದೇನೆ. ಈಗ ನಿಲ್ಲಿಸುತ್ತೇನೆ.

ಒಳಗೆ ತುಂಬಿದ ಬೆಂಚುಗಳು, ಕೆಮ್ಮುವ ಮಕ್ಕಳು, ಗೋಡೆಯ ಮೇಲೆ ನಗುವ ದಪ್ಪ ಕೂಸಿನ ಚಿತ್ರ. ಆ ಚಿತ್ರದ ಕೂಸು ಎಡತೋಳು ಎತ್ತಿತ್ತು. ನಾನು ಮುಖ ತಿರುಗಿಸಿದೆ. ಹೆಸರು ಬರೆದುಕೊಳ್ಳುವಾಕೆ ಕೇಳಿದಳು, “ಕೂಸಿನ ತಾಯಿ ಯಾರ್ರಿ?”

ಬಸಲಿಂಗಕ್ಕ ನನ್ನ ಕಡೆ ನೋಡಿದಳು. “ಹಡದಾಕಿ ಆಕಿ. ನಾ ತಿಪ್ಪ್ಯಾಗಿಂದ ತಗೊಂಡಾಕಿ. ವ್ಯವಹಾರ ಇನ್ನೂ ಮುಗದಿಲ್ರಿ.”

ಬರೆಯುವಾಕೆ ಪೆನ್ನು ಹಿಡಿದು ನಮ್ಮಿಬ್ಬರನ್ನೂ ನೋಡುತ್ತ ಕೂತಳು. ಅಷ್ಟು ಹೆದರಿಕೆಯ ನಡುವೆ ನನಗೆ ನಗು ಬಂತು. ನಗುತ್ತಲೇ ಅತ್ತೆ. ಬಸಲಿಂಗಕ್ಕ ತನ್ನ ಸೆರಗಿನಿಂದ ನನ್ನ ಮೂಗು ಒರೆಸಿದಳು, ಅವಳ ಕೈಯಲ್ಲಿ ಕೂಸು ಇದ್ದಿದ್ದರಿಂದ ಸ್ವಲ್ಪ ಒರಟಾಗಿಯೇ.

ಡಾಕ್ಟರಮ್ಮ ಬಗಲು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ರಕ್ತ, ಎಕ್ಸ್‌ರೇ, ಸ್ಕ್ಯಾನ್. ಆ ಸಣ್ಣ ಕೈಯಲ್ಲಿ ನರ ಸಿಗದೆ ಎರಡು ಸಲ ಚುಚ್ಚಿದಾಗ ಬಸಲಿಂಗಕ್ಕ ಕಣ್ಣು ಮುಚ್ಚಿ, “ನನಗ ಚುಚ್ಚ್ರಿ, ನನಗ ಚುಚ್ಚ್ರಿ” ಎನ್ನುತ್ತಿದ್ದಳು. ಉತ್ತರ ಬರುವವರೆಗೆ ಬೆಂಚಿನ ಮೇಲೆ ಕೂತೆವು. ನನ್ನ ಎರಡು ಹಳೆಯ ಕೂಸುಗಳು ನೆನಪಾದವು. ಮೂರನೆಯದನ್ನೂ ಕಳೆದುಕೊಂಡರೆ ನಾನು ಮನೆಗೆ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಎಲ್ಲಿಗೆ ಹೋಗುತ್ತಿದ್ದೆ ಎಂದು ನನಗೇ ಗೊತ್ತಿಲ್ಲ. ಮಧ್ಯಾಹ್ನ ನಮ್ಮ ಮನೆಯವರು ಬಂದರು. ಮಾರುಕಟ್ಟೆಯಿಂದ ನೇರ ಓಡಿ ಬಂದಿದ್ದರು, ಕೈಯಲ್ಲಿ ಇನ್ನೂ ನಿಂಬೆಹಣ್ಣಿನ ಚೀಲ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು.

ಶ್ವಾಸಕೋಶ ಸ್ವಚ್ಛ, ಹೊಟ್ಟೆಯಲ್ಲಿ ಏನೂ ಇಲ್ಲ. ಗಂಟು ಬಗಲಲ್ಲಿ ಮಾತ್ರ. “ಹಬ್ಬಿಲ್ಲ,” ಎಂದರು ಡಾಕ್ಟರಮ್ಮ. “ಆದ್ರ ಈ ಕೂಸಿನ ವಿಷಯದಾಗ ನಾ ಕಾಯೂದಿಲ್ಲ.” ಸಿಂದಗಿಯ ಡಾಕ್ಟರ ಜೊತೆ ಮಾತಾಡಿ ಕ್ಷಯಕ್ಕೆ ಕೊಡುವ ಔಷಧಿಯನ್ನು ಕೂಸಿನ ತೂಕಕ್ಕೆ ತಕ್ಕಂತೆ ಅಂದೇ ಶುರು ಮಾಡಿದರು. ಆಮೇಲೆ ನನ್ನ ಬೆರಳು ನೋಡಿದರು. ಪೆನ್ನು ನಿಲ್ಲಿಸಿದ್ದನ್ನು ಹೇಳಿದೆ. ಅವರಿಗೆ ಸಿಟ್ಟು ಬಂತು.

“ಬಸಿರಾಗ ದಾಟೋ ದಾರಿ ಬ್ಯಾರೆ, ಹಾಲಿನ ದಾರಿ ಬ್ಯಾರೆ. ಹಾಲಿನ್ಯಾಗ ಬರೋದು ಹನಿಯಷ್ಟೂ ಅಲ್ಲ. ಬಂದದ್ದೂ ಕೂಸಿನ ಹೊಟ್ಟ್ಯಾಗ ಬ್ಯಾಳಿ ಅರಗಿದಂಗ ಅರಗತೈತಿ. ನೀವು ಕೂಸು ಹಿಡಿಯಾಕ ಕೈ ಇಲ್ಲದಂಗ ಮಾಡಿಕೊಂಡು ಯಾರನ್ನ ಉಳಸಾಕತ್ತೀರಿ?”

ಆ ಬೈಗುಳ ನನಗೆ ತಂಪಾಗಿ ಕೇಳಿಸಿತು. ಮನೆಗೆ ಬಂದು ಮಜ್ಜಿಗೆ ಗಡಿಗೆಯ ಹಿಂದಿನಿಂದ ಪೆನ್ನು ತೆಗೆದೆ. ಬಸಲಿಂಗಕ್ಕ ಎದುರಿಗೇ ಕೂತು ನೋಡಿದಳು. ತೊಡೆಗೆ ಒತ್ತಿದ ಪೆನ್ನು ಟಕ್ ಎಂದಾಗ ಬೆಚ್ಚಿದಳು. “ಇಷ್ಟss? ಇದಕ್ಕ ನೀವು ಊರಾಗ ಕಳ್ಳರಂಗ ಇದ್ರಿ?” ಎಂದಳು. ಅಂದಿನಿಂದ ಪೆನ್ನುಗಳು ಗಡಿಗೆಯ ಮುಂದೆಯೇ ಇದ್ದವು.

ಹೆದರಿಕೆ ಅಲ್ಲಿಗೆ ಮುಗಿಯಲಿಲ್ಲ. ಮುಗಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಜ್ವರ ಇಳಿಯಿತು, ಹಾಲು ಕುಡಿಯಿತು, ಆದರೆ ಗಂಟು ಒಂದಷ್ಟು ದಿನ ಇದ್ದಲ್ಲೇ ಇತ್ತು. ಕರಗುತ್ತಿದೆ ಎಂದು ಅವ್ವ, ಬೆಳೆದಿದೆ ಎಂದು ನಾನು. ತೂಕ ಹಾಕಿಸಲು ಹೋದಾಗಲೆಲ್ಲ ಮುಳ್ಳು ನಿಲ್ಲುವವರೆಗೆ ನಾನು ಉಸಿರು ಬಿಡುತ್ತಿರಲಿಲ್ಲ. ಬಸಲಿಂಗಕ್ಕ ದಿನಾ ಬಂದು ತನ್ನ ಕೂಸನ್ನು ನನ್ನ ಕೂಸಿನ ಪಕ್ಕ ಮಲಗಿಸುತ್ತಿದ್ದಳು. ಎರಡರ ತೋಳಿನ ಗುಳ್ಳೆಯೂ ಒಣಗಿ, ಸಿಪ್ಪೆ ಬಿದ್ದು, ಗುಳಿಯಾಗುತ್ತಿತ್ತು. ಅವಳ ಕೂಸಿನದು ಹಳೆಯದು, ನನ್ನದರದು ಹೊಸದು. ಗಂಟು ಮೊದಲು ಕಡಲೆ ಕಾಳಾಯಿತು, ಆಮೇಲೆ ತೊಗರಿ ಕಾಳಾಯಿತು. ಒಂದು ಬೆಳಿಗ್ಗೆ ನನ್ನ ಬೆರಳಿಗೆ ಸಿಗಲಿಲ್ಲ. ಬೆರಳಿನದೇ ತಪ್ಪಿರಬಹುದು ಎಂದು ಬಸಲಿಂಗಕ್ಕನ ಬೆರಳಿನಿಂದ ಹುಡುಕಿಸಿದೆ. ಅವಳಿಗೂ ಸಿಗಲಿಲ್ಲ.

ಆರು ತಿಂಗಳು ತುಂಬಿದ ಮೇಲೆ ಕೂಸನ್ನು ಎತ್ತಿಕೊಂಡು ಸಿಂದಗಿಯ ಮಾಳಿಗೆ ಹತ್ತಿದೆ. ಗುಂಡು ಹಿಡಿಕೆ ನಾನೇ ತಿರುಗಿಸಿದೆ. “ನಿಮ್ಮ ಬಸ್ಸು ಖಾಲಿ ಆತು ಅಂತ ತಿಳೀರಿ,” ಎಂದರು ಡಾಕ್ಟರು. “ಒಂದಿಬ್ರು ಕೂತಿದ್ರೂ ಅವರಿಂದ ಏನೂ ಆಗೂದಿಲ್ಲ. ಕ್ಷಯದ ಔಷಧಿ ಮಾತ್ರ ಹೇಳಿದಷ್ಟು ದಿನ ಮುಗಸ್ರಿ.” ಕೂಸು ಅವರ ಕೊಳವೆಯನ್ನು ಹಿಡಿದು ಜಗ್ಗಿತು. ಅದರ ಕೈ ಬಿಚ್ಚಿವೆ ಎಂದು ನನಗೆ ಆಗ ನಂಬಿಕೆಯಾಯಿತು.

ಇಂಡಿಗೆ ಹೊರಡುವ ಹಿಂದಿನ ದಿನ ಜೋಳ ನಾನೇ ಅಳೆದೆ. ಸೇರನ್ನು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಮೇಲೆ ಗೋಪುರ ಏಳುವಷ್ಟು ತುಂಬಿ, ಹಿತ್ತಿಲು ದಾಟಿ ಹೋದೆ. ಅವ್ವ ಹಿಂದೆ ಬಂದಳು. ಬಸಲಿಂಗಕ್ಕ ಕಟ್ಟೆಯ ಮೇಲೆ ಕೂತಿದ್ದಳು, ತಿಪ್ಪವ್ವ ಅವಳ ತೊಡೆಯ ಮೇಲೆ. ಬೆಳಿಗ್ಗೆಯೇ ಬಂದು ಎತ್ತಿಕೊಂಡು ಹೋಗಿದ್ದಳು, ವ್ಯವಹಾರ ವ್ಯವಹಾರದ ಹಾಗೇ ಆಗಬೇಕು ಎಂದು.

“ಬಸಲಿಂಗಕ್ಕಾ, ನಿನ್ನ ಕೂಸು ನನಗ ಕೊಡು,” ಎಂದೆ. “ಅವತ್ತ ನಾ ಆಡಿದ್ದು...”

“ಯಾಪಾರದ ಮುಂದ ಹಳೇ ಮಾತ್ಯಾಕ?” ಎಂದು ಸೆರಗು ಒಡ್ಡಿದಳು. ಜೋಳ ಸುರಿದೆ. ಒಂದು ಕಾಳು ಹೊರಗೆ ಬೀಳದಂತೆ ಗಂಟು ಕಟ್ಟಿಕೊಂಡಳು. ಆದರೆ ಕೂಸನ್ನು ಕೊಡಲಿಲ್ಲ. ಅದರ ಅಂಗಿಯ ತೋಳು ಮೇಲೆ ಸರಿಸಿ, ಎಡತೋಳಿನ ಮೇಲೆ ಉಳಿದಿದ್ದ ಸಣ್ಣ ಗುಳಿಯ ಮೇಲೆ ತನ್ನ ಹೆಬ್ಬೆರಳು ಇಟ್ಟಳು.

“ಈ ಗುರುತು ನಂದು,” ಎಂದಳು. “ಇದನ್ನ ಮಾರೂದಿಲ್ಲ. ಉಳದದ್ದು ಒಯ್ಯಿ.”

ಕೂಸು ನನ್ನ ತೋಳಿಗೆ ಬಂತು. ಬಂದ ಮೇಲೂ ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇತ್ತು. ಬಿಡಿಸಲು ನಾನು ಹೋಗಲಿಲ್ಲ.